ಎರಡು ಬಡಿತಕ್ಕೊಂದು ಉತ್ತರ

ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರೊಳಗೆ ಪುಟ್ಟು ಮೇಜನ್ನು ನಾನೂರ ಹನ್ನೆರಡು ಸಲ ಬಡಿದಿದ್ದ. ಇದು ಯಾರೋ ಬೇಸರಕ್ಕೆ ಉಬ್ಬಿಸಿ ಹೇಳಿದ ಮಾತಲ್ಲ. ಟೀಚರಮ್ಮ ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಅಂಗೈಯಲ್ಲೊಂದು ಕೌಂಟರ್ ಹಿಡಿದು, ಒಂದೊಂದು ಸಲಕ್ಕೂ ಗುಂಡಿ ಒತ್ತಿ ತೆಗೆದ ಲೆಕ್ಕ. ಬೆರಳಗೆಣ್ಣಿನಿಂದ ಟಕ್ ಟಕ್ ಎಂದು ಎರಡೇಟು ಬಡಿದರೆ ಒಂದು ಸಲ. ಬಡಿದಾದ ಮೇಲೆ ಅವನು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಆಮೇಲೆ ಮತ್ತೆ ಟಕ್ ಟಕ್.

ಪುಟ್ಟುವಿಗೆ ನಲವತ್ತಮೂರು ತುಂಬಿದೆ. ಕಿವಿಯ ಮೇಲೆ ಕೂದಲು ನರೆತು, ಹೊಟ್ಟೆ ಬೆಲ್ಟಿನ ಮೇಲೆ ಹಾಯಾಗಿ ಕೂರುವ ಕಾಲ ಬಂದರೂ ಅವನು ಪುಟ್ಟುವೇ. ಬುದ್ಧಿ ಬೆಳೆದದ್ದು ಅದರದೇ ದಾರಿಯಲ್ಲಿ, ಅದರದೇ ನಡಿಗೆಯಲ್ಲಿ. ಮಾತೆಂದರೆ ಮೂರು: ನೀರು, ಬೇಡ, ಸಾಕು. ಮೂರರಲ್ಲೇ ದಿನ ದೂಡುತ್ತಾನೆ. ಮೂರು ಸಾವಿರ ಮಾತು ಬಲ್ಲವರು ದಿನವೆಲ್ಲ ಹೇಳುವುದೂ ಹೆಚ್ಚುಕಡಿಮೆ ಇಷ್ಟೇ, ಬಿಡಿ.

ಅವನ ಅಕ್ಕನಿಗೆ ಐವತ್ತು. ಹಳೆಯ ಬಟ್ಟೆ ಸರಿಮಾಡಿಕೊಡುವುದು ಅವಳ ಕಸುಬು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ದಪ್ಪಗಾದವರಿಗೆ ಹೊಲಿಗೆ ಬಿಚ್ಚಿಕೊಡುವುದು, ಸಣ್ಣಗಾದೆವೆಂದು ಭ್ರಮಿಸಿದವರಿಗೆ ಸಮಾಧಾನ ಹೇಳುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದಕ್ಕೆ ಅಂಟಿಕೊಂಡ ಹಿಂದಿನ ಕೋಣೆ ಪುಟ್ಟುವಿನದು. ನಡುವೆ ಒಂದು ಗೋಡೆ, ಒಂದು ಬಾಗಿಲು. ಗಿರಾಕಿಗಳು ಬಂದಾಗ ಗೋಡೆಯಾಚೆಯಿಂದ ಟಕ್ ಟಕ್ ಕೇಳಿಸಿದರೆ, ಅಕ್ಕ ತಲೆ ಎತ್ತದೆಯೇ, "ಪಕ್ಕದ ಮನೇಲಿ ರಿಪೇರಿ" ಎನ್ನುತ್ತಿದ್ದಳು. ಆ ರಿಪೇರಿ ಹನ್ನೆರಡು ವರ್ಷವಾದರೂ ಮುಗಿದಿರಲಿಲ್ಲ. ಗಿರಾಕಿಗಳು ಒಳ್ಳೆಯವರು, ಯಾರೂ ಕೇಳಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ, ಹೋದ ವರ್ಷ, ಅವನನ್ನು ಪೊಟ್ಟಣ ಕಟ್ಟುವ ಘಟಕಕ್ಕೆ ಸೇರಿಸಿದ್ದು ಅಕ್ಕನೇ. ಬೆಳವಣಿಗೆಯ ತೊಡಕಿದ್ದ ಹನ್ನೊಂದು ಮಂದಿ ಉದ್ದನೆಯ ಮೇಜಿನ ಸುತ್ತ ಕೂತು ಬಾಗಿಲ ಕೀಲುಗಳನ್ನು ಪೊಟ್ಟಣಕ್ಕೆ ಹಾಕುವ ಕೆಲಸ. ಒಂದು ಪೊಟ್ಟಣಕ್ಕೆ ಎರಡು ಕೀಲು, ಹನ್ನೆರಡು ಸ್ಕ್ರೂ. ಪುಟ್ಟು ಒಂದು ದಿನಕ್ಕೂ ಹನ್ನೊಂದು ಹಾಕಿದವನಲ್ಲ, ಹದಿಮೂರು ಹಾಕಿದವನಲ್ಲ. ಬೆಳಿಗ್ಗೆ ಏಳಕ್ಕೇ ಶೂ ಹಾಕಿಕೊಂಡು ಬಾಗಿಲ ಬಳಿ ನಿಂತುಬಿಡುತ್ತಿದ್ದ. ವ್ಯಾನು ಬರುವುದು ಎಂಟೂವರೆಗೆ. ಭಾನುವಾರವೂ ನಿಲ್ಲುತ್ತಿದ್ದ. ಅವನನ್ನು ಒಳಗೆ ಕಳಿಸುವಷ್ಟರಲ್ಲಿ ಅಕ್ಕನಿಗೆ ಸಾಕುಸಾಕಾಗುತ್ತಿತ್ತು, ಆದರೆ ಆ ಶೂ ಕಂಡಾಗಲೆಲ್ಲ ಎದೆ ತುಂಬಿಬರುತ್ತಿತ್ತು ಕೂಡ.

ತಿಂಗಳುಗಳು ಕಳೆದಂತೆ ಬಡಿತ ಹೆಚ್ಚಿತು. ಎದುರಿಗೆ ಕೂರುವವಳು ಕಿವಿ ಮುಚ್ಚಿಕೊಂಡು ಅಳತೊಡಗಿದಳು. ಇನ್ನೊಬ್ಬ ಎಣಿಕೆ ತಪ್ಪಿ ಸ್ಕ್ರೂಗಳನ್ನೆಲ್ಲ ನೆಲಕ್ಕೆಸೆದ. ಪುಟ್ಟುವಿನ ಬಲಗೈ ಗೆಣ್ಣು ಸುಲಿದು ಪೊಟ್ಟಣಗಳ ಮೇಲೆ ರಕ್ತದ ಗುರುತು ಬೀಳತೊಡಗಿತು. ಸೂಪರ್‌ವೈಸರ್ ಅಕ್ಕನನ್ನು ಕರೆಸಿದ. ದಢೂತಿ ಮನುಷ್ಯ, ದನಿ ಮಾತ್ರ ತೆಳು.

"ನೋಡಿಯಮ್ಮಾ, ಕೆಲಸದಲ್ಲಿ ಅವನ ಕಡೆ ಬೆರಳು ತೋರಿಸೋ ಹಾಗಿಲ್ಲ. ಆದ್ರೆ ಹತ್ತು ಜನರನ್ನ ನಾನು ನೋಡಬೇಕಲ್ಲ. ಈ ಟೀಚರಮ್ಮ ಇಂಥದ್ದನ್ನೇ ಓದ್ಕೊಂಡು ಬಂದವರು. ಆರು ವಾರ ಕೊಡ್ತೀನಿ. ಕಡಿಮೆ ಆದ್ರೆ ಸರಿ. ಇಲ್ಲಾಂದ್ರೆ ನೀವೇ ಮನೇಲಿ ಇಟ್ಕೊಳ್ಳಿ."

ಮನೆಯಲ್ಲಿ ಇಟ್ಟುಕೊಳ್ಳುವುದೆಂದರೆ ಏನೆಂದು ಅಕ್ಕನಿಗೆ ಗೊತ್ತಿತ್ತು. ಮತ್ತೆ ಹಿಂದಿನ ಕೋಣೆ. ಬೆಳಿಗ್ಗೆಯಿಂದ ಸಂಜೆಯವರೆಗೆ, ಅವನಿರುವಷ್ಟು ಕಾಲವೂ, ಅದೇ ಕೋಣೆ.

ಟೀಚರಮ್ಮನಿಗೆ ಮೂವತ್ತರ ಆಸುಪಾಸು. ಮೊದಲ ದಿನವೇ ಒಂದು ಉದ್ದನೆಯ ಫಾರಂ ತೆಗೆದು ಕೂತಳು. ಈ ಬಡಿತ ಯಾವಾಗ ಶುರುವಾಯಿತು? ಅದಕ್ಕೆ ಮೊದಲು ಏನಾಗುತ್ತಿತ್ತು? ಬಡಿದಾದ ಮೇಲೆ ಅವನಿಗೆ ಏನು ಸಿಗುತ್ತಿತ್ತು?

"ಒಂದೇ ಕೆಲಸ ಮತ್ತೆ ಮತ್ತೆ ಮಾಡೋರಿಗೆ ಅದರಿಂದ ಏನೋ ಒಂದು ಸಿಗ್ತಿರುತ್ತೆ ಅಕ್ಕ. ಕೆಲವರಿಗೆ ಆ ಸದ್ದೇ ಹಿತ, ಕೆಲವರಿಗೆ ಕೈಗೆ ಆಗೋ ಸ್ಪರ್ಶ ಹಿತ. ಕೆಲವರು ಅದರಲ್ಲಿ ಏನೋ ಕೇಳ್ತಿರ್ತಾರೆ. ಯಾವುದು ಅಂತ ಗೊತ್ತಾಗದೆ ಔಷಧಿ ಕೊಟ್ಟರೆ ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ. ಯಾವಾಗ ಶುರುವಾಯ್ತು?"

"ಹುಟ್ಟಿದಾಗಿಂದ ಹೀಗೇ" ಎಂದಳು ಅಕ್ಕ.

ಎಷ್ಟು ಸಲೀಸಾಗಿ ಬಂತು ಆ ಮಾತು! ಇಪ್ಪತ್ತೊಂಬತ್ತು ವರ್ಷದಿಂದ ಅದನ್ನೇ ಹೇಳಿ ಹೇಳಿ ಅವಳಿಗೆ ಅದು ಸುಳ್ಳೆಂದು ಅನಿಸುವುದೂ ನಿಂತುಹೋಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಕಣ್ಣು ಮುಚ್ಚಿಕೊಂಡೇ ಅರ್ಧ ಆಯಸ್ಸು ಕಳೆದ ಬೆಕ್ಕಿಗೆ ತಾನು ಹಾಲು ಕುಡಿದದ್ದೇ ನೆನಪಿರುವುದಿಲ್ಲ.

ಹುಟ್ಟಿದಾಗಿನಿಂದ ಎಂದಮೇಲೆ ಟೀಚರಮ್ಮ ಇನ್ನೇನು ಮಾಡಿಯಾಳು? ಸದ್ದೋ ಸ್ಪರ್ಶವೋ ಹಿತವಾಗಿರಬೇಕೆಂದು ತೀರ್ಮಾನಿಸಿದಳು. ಮೇಜಿಗೆ ದಪ್ಪ ರಬ್ಬರ್ ಹಾಸಿಸಿದಳು. ಅಮುಕಲು ಒಂದು ಮೆತ್ತನೆಯ ಚೆಂಡು ಕೊಟ್ಟಳು. ಎರಡು ನಿಮಿಷ ಬಡಿಯದಿದ್ದರೆ ಅವನಿಗಿಷ್ಟವಾದ ಹಾಡು, ಕಿವಿಗೆ ಹೆಡ್‌ಫೋನ್ ಹಾಕಿ. ಬಡಿದರೆ ಬೈಗುಳವಿಲ್ಲ, ನೋಟವಿಲ್ಲ, ಯಾರೂ ತಿರುಗಿಯೂ ನೋಡಕೂಡದು.

ಮೊದಲ ವಾರ ನಾನೂರ ಹನ್ನೆರಡು ಐನೂರ ಎಂಬತ್ತಾಯಿತು. ಎರಡನೆಯ ವಾರ ಏಳುನೂರು ದಾಟಿತು. ಅವನು ಚೆಂಡನ್ನು ನೀಟಾಗಿ ಪೊಟ್ಟಣಕ್ಕೆ ಹಾಕಿ, ಹನ್ನೆರಡು ಸ್ಕ್ರೂ ಸೇರಿಸಿ, ಮುಚ್ಚಿ ಕಳಿಸಿದ. ರಬ್ಬರಿನ ಮೇಲೆ ಸದ್ದು ಬರುವುದಿಲ್ಲವೆಂದು ತಿಳಿದ ಮೇಲೆ ಮೇಜಿನ ಕಬ್ಬಿಣದ ಕಾಲನ್ನು ಬಡಿಯತೊಡಗಿದ.

"ಹೀಗಾಗುತ್ತೆ ಅಕ್ಕ, ಗಾಬರಿ ಆಗ್ಬೇಡಿ" ಎಂದಳು ಟೀಚರಮ್ಮ, ತಾನೇ ಗಾಬರಿಯಾಗಿದ್ದವಳು. "ಇಷ್ಟು ದಿನ ಸಿಗ್ತಿದ್ದದ್ದು ಇದ್ದಕ್ಕಿದ್ದ ಹಾಗೆ ನಿಂತುಹೋದರೆ ಯಾರಾದ್ರೂ ಮೊದಲು ಜೋರು ಮಾಡ್ತಾರೆ. ನಲ್ಲಿ ತಿರುಗಿಸಿ ನೀರು ಬರಲಿಲ್ಲ ಅಂದ್ರೆ ನಾವು ಇನ್ನೂ ನಾಲ್ಕು ಸಲ ತಿರುಗಿಸಲ್ವಾ, ಹಾಗೆ. ಆಮೇಲೆ ಸೋತು ಬಿಡ್ತಾರೆ. ಆದರೆ ಒಂದು ವಿಷಯ. ಒಂದೊಂದು ಸಲ ಸಿಕ್ಕಿ ಒಂದೊಂದು ಸಲ ಸಿಗದೇ ಇದ್ದರೆ ಇದೆಯಲ್ಲ, ಆ ಆಸೆ ಮಾತ್ರ ಯಾವತ್ತೂ ಸಾಯಲ್ಲ."

ಅಕ್ಕನ ಕೈಯಲ್ಲಿದ್ದ ನೀರಿನ ಲೋಟ ತುಟಿಯವರೆಗೆ ಹೋಗಿ ನಿಂತಿತು. ಅವಳಿಗೆ ಅಮ್ಮನ ದನಿ ಕೇಳಿಸಿತು. ಮದುವೆಯಾಗಿ ಹೋದ ಹೊಸದರಲ್ಲಿ ಅಮ್ಮ ಫೋನಿನಲ್ಲಿ ಹೇಳಿದ್ದ ಮಾತು: ಏನೂ ಇಲ್ಲ ಕಣೇ, ಪುಟ್ಟುಗೆ ಸ್ವಲ್ಪ ಹುಷಾರಿಲ್ಲ, ಆ ಗೋಡೆ ಒಂದು ಬಣ್ಣ ಹೊಡೆಸ್ಬೇಕು. ಬಣ್ಣ ಯಾಕೆಂದು ಅಕ್ಕ ಅಂದು ಕೇಳಿರಲಿಲ್ಲ. ಅವಳು ಲೋಟವನ್ನು ಕೆಳಗಿಟ್ಟು, ಕೆಲಸವಿದೆ ಎಂದು ಎದ್ದು ಬಂದಳು.

ಮೂರನೆಯ ವಾರದಲ್ಲಿ ಟೀಚರಮ್ಮ ಮನೆಗೆ ಬಂದಳು. ಘಟಕದಲ್ಲಿ ಏಳುನೂರು ಇರುವ ಬಡಿತ ಮನೆಯಲ್ಲಿ ಮೂವತ್ತು ದಾಟುವುದಿಲ್ಲವೆಂದು ಅಕ್ಕ ಬರೆದುಕೊಟ್ಟಿದ್ದಳು. ಸುಳ್ಳಿರಬಹುದೆಂದು ಟೀಚರಮ್ಮನ ಅನುಮಾನ. ಅಕ್ಕನಿಗೆ ಅದೊಂದು ಹೆಮ್ಮೆ ಬೇರೆ; ನನ್ನ ಹತ್ತಿರ ಆದರೆ ಹದ್ದುಬಸ್ತಿನಲ್ಲಿರುತ್ತಾನೆ ನೋಡಿ, ಎಂದಳು.

ಟೀಚರಮ್ಮ ಮೂಲೆಯಲ್ಲಿ ಕೂತಳು. ಪುಟ್ಟು ಮುಂದಿನ ಕೋಣೆಯಲ್ಲೇ ಗುಂಡಿಗಳ ಡಬ್ಬಿ ಹಿಡಿದು ಕೂತಿದ್ದ. ಹೊರಗೆ ಕರೆಗಂಟೆ ಸದ್ದಾಯಿತು. ಯಾರೂ ಏನೂ ಹೇಳಲಿಲ್ಲ. ಪುಟ್ಟು ಡಬ್ಬಿಯ ಮುಚ್ಚಳ ಹಾಕಿ, ಎದ್ದು, ಹಿಂದಿನ ಕೋಣೆಗೆ ಹೋಗಿ ತಾನೇ ಬಾಗಿಲು ಮುಚ್ಚಿಕೊಂಡ. ಬಂದವಳು ಒಂದು ಲಂಗದ ಜಿಪ್ ಕೊಟ್ಟು ಮಾತಿಗೆ ನಿಂತಳು. ಗೋಡೆಯಾಚೆಯಿಂದ ಟಕ್ ಟಕ್. ಅಕ್ಕ "ರಿಪೇರಿ" ಎಂದಳು. ಎನ್ನುತ್ತಲೇ ಅವಳ ಬಲಗೈ ಕತ್ತರಿಯ ಹಿಡಿಯಿಂದ ಮೇಜಿಗೆ ಒಂದು ಸಲ ಟಕ್ ಎಂದಿತು. ಗೋಡೆ ಸುಮ್ಮನಾಯಿತು. ಐದು ನಿಮಿಷ ಬಿಟ್ಟು ಮತ್ತೆ ಟಕ್ ಟಕ್, ಮತ್ತೆ ಕತ್ತರಿ, ಮತ್ತೆ ಮೌನ. ಗಿರಾಕಿಯ ಮಾತು ಜೋರಾಗಿ ಅಕ್ಕ ಒಮ್ಮೆ ಮರೆತಳು. ಆಗ ಗೋಡೆ ಸತತವಾಗಿ ಐದು ಸಲ ಬಡಿಯಿತು.

ಗಿರಾಕಿ ಹೋದ ಮೇಲೆ ಟೀಚರಮ್ಮ ಮೆಲ್ಲಗೆ ಕೇಳಿದಳು. "ಅಕ್ಕ, ನೀವು ಕತ್ತರಿ ಯಾಕೆ ಬಡಿದ್ರಿ?"

"ನಾನಾ? ನಾನೆಲ್ಲಿ ಬಡಿದೆ?"

ಇದು ಮಾತ್ರ ಸುಳ್ಳಾಗಿರಲಿಲ್ಲ. ಉಸಿರಾಡಿದ್ದನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ? ಟೀಚರಮ್ಮ ನೋಟ್‌ಬುಕ್ ತೋರಿಸಿದಳು. ಹದಿನಾಲ್ಕು ಸಲ ಬಡಿತ, ಹತ್ತು ಸಲ ಕತ್ತರಿ, ಕತ್ತರಿಯ ಹಿಂದೆಯೇ ಹತ್ತು ಸಲ ಮೌನ. ಅಕ್ಕ ಆ ಕಾಗದವನ್ನು ತನ್ನದಲ್ಲದ ಬಟ್ಟೆಯ ಬಿಲ್ಲನ್ನು ನೋಡುವಂತೆ ನೋಡಿದಳು. ಅಷ್ಟರಲ್ಲಿ ಟೀಚರಮ್ಮನ ಕಣ್ಣು ಹಿಂದಿನ ಕೋಣೆಯ ಬಾಗಿಲಿಗೆ ಹೋಗಿತ್ತು. ಅಲ್ಲಿ, ಹೊರಗಡೆ, ಈ ಕಡೆಗೆ, ಸೊಂಟದೆತ್ತರದಲ್ಲಿ ಒಂದು ಕಬ್ಬಿಣದ ಚಿಲಕ.

"ಮೊದಲು ಅದು ಸಾಮಾನಿನ ಕೋಣೆ" ಎಂದಳು ಅಕ್ಕ. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ.

ಟೀಚರಮ್ಮ ಚಪ್ಪಲಿ ಹಾಕಿಕೊಳ್ಳುತ್ತ, "ನಿಮಗೆ ಏನಾದ್ರೂ ನೆನಪಾದ್ರೆ ಹೇಳಿ ಅಕ್ಕ" ಎಂದಷ್ಟೇ ಹೇಳಿ ಹೋದಳು. ಅಂದಿನಿಂದ ಅಕ್ಕನಿಗೆ ಆ ಹುಡುಗಿಯ ಮುಖ ನೋಡುವುದೇ ಕಷ್ಟವಾಯಿತು. ಕತ್ತರಿಯನ್ನು ಡ್ರಾದೊಳಗೆ ಹಾಕಿಟ್ಟಳು. ಬಡಿತ ಕೇಳಿದಾಗ ಕೈ ಸೀಸದ ಕಡ್ಡಿಯಿಂದ ಟಕ್ ಎಂದಿತು. ಸೀಸದ ಕಡ್ಡಿಯನ್ನೂ ಒಳಗಿಟ್ಟಳು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಲೋಹದ ಟೋಪಿ ಟಕ್ ಎಂದಿತು. ತನ್ನ ಕೈಯನ್ನೇ ಎಲ್ಲಿಡುವುದೆಂದು ಅವಳಿಗೆ ತಿಳಿಯಲಿಲ್ಲ.

ನಾಲ್ಕನೆಯ ವಾರದ ಶುಕ್ರವಾರ ಘಟಕದಿಂದ ಫೋನು ಬಂತು. ಅಕ್ಕ ಹೋದಾಗ ಪುಟ್ಟು ಮೇಜಿನ ಮುಂದೆಯೇ ಇದ್ದ. ಎರಡೂ ಕೈಗೆ ಬ್ಯಾಂಡೇಜ್ ಸುತ್ತಿದ್ದರು. ಕೈಯಲ್ಲಿ ಬಡಿಯಲಾಗದೆ ಅವನು ಹಣೆಯಿಂದ ಬಡಿದಿದ್ದ. ಹುಬ್ಬಿನ ಮೇಲೆ ತೆರೆದ ಗಾಯ, ಅದರ ಮೇಲೆ ಹತ್ತಿ. ಹತ್ತಿಯ ಕೆಳಗಿನ ಕಣ್ಣು ಅಕ್ಕನನ್ನು ನೋಡಿ ಅರಳಿತು.

"ಇನ್ನು ನನ್ನ ಕೈಲಾಗಲ್ಲಮ್ಮಾ" ಎಂದ ಸೂಪರ್‌ವೈಸರ್, ತನ್ನ ಗಾಜಿನ ಕೋಣೆಯಲ್ಲಿ ಕೂರಿಸಿ. "ಆರು ವಾರ ಅಂದಿದ್ದೆ, ನಿಜ. ಆದ್ರೆ ನಾಳೆ ಅವನ ಕಣ್ಣಿಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಸೋಮವಾರದಿಂದ ಕಳಿಸ್ಬೇಡಿ. ಕೆಲವು ಗಿಡ ಎಳೆಯದ್ರಲ್ಲೇ ಬಗ್ಗಿಸ್ಬೇಕು. ಹುಟ್ಟಿನಿಂದ ಬಂದದ್ದನ್ನ ನೀವು ನಾವು ಏನು ಮಾಡೋಕಾಗುತ್ತೆ?"

ಟೀಚರಮ್ಮ ಕೌಂಟರನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ಕೂತಿದ್ದಳು. ಸೋತವಳಂತೆ ಕಾಣುತ್ತಿದ್ದಳು. ಅಕ್ಕ ಗಾಜಿನಾಚೆ ನೋಡಿದಳು. ತಮ್ಮ ಬ್ಯಾಂಡೇಜಿನ ಕೈಯಿಂದಲೇ ಸ್ಕ್ರೂಗಳನ್ನು ಎಣಿಸುತ್ತಿದ್ದ. ಸೋಮವಾರ ಬೆಳಿಗ್ಗೆ ಏಳಕ್ಕೆ ಅವನು ಶೂ ಹಾಕಿಕೊಂಡು ನಿಲ್ಲುತ್ತಾನೆ. ಮಂಗಳವಾರವೂ. ಎಷ್ಟು ದಿನ ನಿಂತಾನು? ಮೊದಲು ಜೋರು ಮಾಡುತ್ತಾನೆ, ಆಮೇಲೆ ಸೋತು ಬಿಡುತ್ತಾನೆ.

"ಹುಟ್ಟಿನಿಂದ ಬಂದದ್ದಲ್ಲ" ಎಂದಳು ಅಕ್ಕ. ತನ್ನ ದನಿ ತನಗೇ ಬೇರೆಯವರದೆನಿಸಿತು. "ನಾನೇ ಕಲಿಸಿದ್ದು."

"ಏನನ್ನ?"

"ಬಡಿಯೋದನ್ನ."

ಹೇಳತೊಡಗಿದ ಮೇಲೆ ನಿಲ್ಲಿಸಲು ಬರಲಿಲ್ಲ. ಅವಳಿಗೆ ಇಪ್ಪತ್ತೊಂದು, ಅವನಿಗೆ ಹದಿನಾಲ್ಕು. ಅವಳನ್ನು ಮೆಚ್ಚಿದವನೊಬ್ಬ, ತನ್ನ ಅಮ್ಮನನ್ನು ಕರೆದುಕೊಂಡು ಭಾನುವಾರ ಮನೆಗೆ ಬರುತ್ತೇನೆ ಎಂದಿದ್ದ. ತಮ್ಮನ ಸುದ್ದಿಯನ್ನು ಅವಳು ಅವನಿಗೆ ಹೇಳಿರಲಿಲ್ಲ. ಅವರು ಬಂದಾಗ ಪುಟ್ಟುವನ್ನು ಹಿಂದಿನ ಕೋಣೆಗೆ ಹಾಕೋಣವೆಂದರೆ, ಬಾಗಿಲು ಮುಚ್ಚಿದ ಕೂಡಲೇ ಅವನು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಇನ್ನು ಉಳಿದದ್ದು ನಾಲ್ಕೇ ದಿನ.

"ಒಂದು ಪೊಟ್ಟಣ ಬಿಸ್ಕತ್ತು ತಂದೆ. ಮೊದಲು ಬಾಗಿಲು ತೆಗೆದಿಟ್ಟೇ ಕಲಿಸ್ದೆ. ಕೂಗಿದ್ರೆ ಮುಖ ತಿರುಗಿಸ್ತಿದ್ದೆ. ಗೋಡೆಗೆ ಟಕ್ ಟಕ್ ಅಂದ್ರೆ ಒಂದು ಚೂರು ಬಿಸ್ಕತ್ತು, ಮತ್ತೆ ಈ ಕಡೆಯಿಂದ ನಾನು ಒಂದು ಟಕ್. ಆಮೇಲೆ ಬಾಗಿಲು ಅರ್ಧ ಮುಚ್ದೆ. ಆಮೇಲೆ ಪೂರ್ತಿ. ಆಮೇಲೆ ಚಿಲಕ. ಶನಿವಾರದ ಹೊತ್ತಿಗೆ ಬಿಸ್ಕತ್ತೂ ಬೇಕಾಗಿರ್ಲಿಲ್ಲ, ನನ್ನ ಒಂದು ಟಕ್ ಸಾಕಾಗ್ತಿತ್ತು. ಭಾನುವಾರ ಅವರು ಎರಡು ಗಂಟೆ ಕೂತ್ರು. ಅವನು ಒಂದು ಸಲನೂ ಕೂಗ್ಲಿಲ್ಲ. ನಾನು ಚಮಚದಲ್ಲಿ ಲೋಟಕ್ಕೆ ಬಡೀತಾ ಇದ್ದೆ."

"ಮದುವೆ ಆಯ್ತಾ?" ಎಂದ ಸೂಪರ್‌ವೈಸರ್, ಕೇಳಬಾರದಿತ್ತೆಂದು ಆಮೇಲೆ ಹೊಳೆದು ಕೆಮ್ಮಿದ.

"ಆಯ್ತು. ಎರಡು ವರ್ಷಕ್ಕೆ ಮುರೀತು. ಆ ಎರಡು ವರ್ಷ ಅವನು ಗೋಡೆ ಬಡಿದಿದ್ದಾನೆ, ಈ ಕಡೆಯಿಂದ ಉತ್ತರ ಕೊಡೋರು ಯಾರೂ ಇರ್ಲಿಲ್ಲ. ನಾನು ವಾಪಸ್ ಬಂದ ದಿನ ಬಡಿದ, ನಾನು ಒಂದು ಟಕ್ ಅಂದೆ. ಅವತ್ತಿಂದ ಬಿಡುವಿದ್ದಾಗ ಉತ್ತರ ಕೊಡ್ತೀನಿ, ಇಲ್ಲದಿದ್ದಾಗ ಇಲ್ಲ. ನೀವೇ ಹೇಳಿದ್ರಲ್ಲ ಟೀಚರಮ್ಮ, ಒಂದೊಂದು ಸಲ ಸಿಕ್ಕಿ ಒಂದೊಂದು ಸಲ ಸಿಗದಿದ್ರೆ ಅಂತ."

"ನಾಲ್ಕು ದಿನದಲ್ಲಾ?" ಎಂದಳು ಟೀಚರಮ್ಮ. "ಹಂತ ಹಂತವಾಗಿ, ಒಂದು ತಪ್ಪೂ ಇಲ್ಲದೆ. ನಮಗೆ ಇದನ್ನ ಕಲಿಸೋಕೆ ಎರಡು ವರ್ಷ ಓದಿಸ್ತಾರೆ ಅಕ್ಕ."

ಅದು ಹೊಗಳಿಕೆಯಾಗಿರಲಿಲ್ಲ, ಚುಚ್ಚುಮಾತೂ ಆಗಿರಲಿಲ್ಲ. ಅದಕ್ಕೇ ಅಕ್ಕನಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಸೆರಗಿಲ್ಲದ ಬಟ್ಟೆ, ತೋಳಿನಿಂದಲೇ ಮುಖ ಒರೆಸಿಕೊಂಡಳು.

"ಒಂದು ಕೇಳ್ಲಾ? ಬಡಿಯೋಕೆ ಮೊದಲು ಕೂಗ್ತಿದ್ದ ಅಂದ್ರಲ್ಲ. ಏನಂತ ಕೂಗ್ತಿದ್ದ?" ಎಂದಳು ಟೀಚರಮ್ಮ.

ಅಕ್ಕ ತಮ್ಮನ ಕಡೆ ತಿರುಗಿದಳು. ಗಾಜಿನಾಚೆ ಪುಟ್ಟು ಬ್ಯಾಂಡೇಜಿನ ಕೈಯಿಂದ ಮೇಜಿನ ಕಾಲನ್ನು ಮುಟ್ಟಿ, ತಲೆ ಓರೆ ಮಾಡಿ ಕಾಯುತ್ತಿದ್ದ.

"ಅಕ್ಕಾ ಅಂತ" ಎಂದಳು.

ಅವನಿಗಿದ್ದದ್ದು ಮೂರು ಮಾತಲ್ಲ, ನಾಲ್ಕು. ನಾಲ್ಕನೆಯದನ್ನು ಅವಳೇ ಬಿಸ್ಕತ್ತು ಕೊಟ್ಟು ಕಸಿದುಕೊಂಡಿದ್ದಳು.

ಎಲ್ಲರಿಗಿಂತ ಮೊದಲು ಎದ್ದವನು ಸೂಪರ್‌ವೈಸರ್. ಕುರ್ಚಿ ಹಿಂದಕ್ಕೆ ತಳ್ಳಿ, ಹೊರಗೆ ಹೋಗಿ, ಪುಟ್ಟುವಿನ ಎದುರಿಗೆ ತನ್ನ ದಢೂತಿ ದೇಹವನ್ನು ಸ್ಟೂಲಿನ ಮೇಲೆ ಇಳಿಸಿದ. ಪುಟ್ಟು ಮೇಜಿನ ಕಾಲಿಗೆ ಮೆತ್ತಗೆ ಟಕ್ ಟಕ್ ಎಂದ. ಸೂಪರ್‌ವೈಸರ್ ಜೇಬಿನಿಂದ ಪೆನ್ನು ತೆಗೆದು ಮೇಜಿನ ಅಂಚಿಗೆ ಒಂದು ಸಲ, ನಾಚಿಕೊಂಡವನಂತೆ, ಟಕ್ ಎಂದ. ಪುಟ್ಟು ತಲೆ ನೇರ ಮಾಡಿ ಅವನನ್ನು ಒಮ್ಮೆ ನೋಡಿದ. ಆಮೇಲೆ ಎರಡು ಕೀಲು ಎತ್ತಿಕೊಂಡ, ಹನ್ನೆರಡು ಸ್ಕ್ರೂ ಎಣಿಸಿದ, ಪೊಟ್ಟಣ ಮುಚ್ಚಿದ. ಇನ್ನೊಂದನ್ನೂ ಮುಚ್ಚಿದ. ಟೀಚರಮ್ಮ ಕೌಂಟರನ್ನು ಹಿಡಿದುಕೊಂಡೇ ಬಂದಿದ್ದಳು, ಆದರೆ ಒತ್ತಲು ಏನೂ ಇರಲಿಲ್ಲ.

ಕಳಿಸಬೇಡಿ ಎಂದ ಮಾತನ್ನು ಸೂಪರ್‌ವೈಸರ್ ಮತ್ತೆ ಎತ್ತಲಿಲ್ಲ, ಸೋಮವಾರದಿಂದ ದಾರಿ ಬದಲಾಯಿತು. ಪುಟ್ಟು ಹೊಸ ಜಾಗದಲ್ಲಿ ಬಡಿದದ್ದಕ್ಕೆ ಒಂದು ಅರ್ಥವಿತ್ತು: ಆಚೆ ಯಾರಾದರೂ ಇದ್ದೀರಾ? ನೂರು ಸಲ ಕೇಳಿದರೂ ಇಡೀ ಘಟಕ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವನು ಏನೆಂದುಕೊಳ್ಳಬೇಕು? ಈಗ ಹತ್ತು ಮಂದಿಯೂ ಉತ್ತರ ಕೊಡತೊಡಗಿದರು. ಕಿವಿ ಮುಚ್ಚಿಕೊಂಡು ಅಳುತ್ತಿದ್ದವಳಿಗಂತೂ ಅದು ಆಟವೇ ಆಯಿತು. ಏಳುನೂರು ಇನ್ನೂರಾಯಿತು, ಇನ್ನೂರು ತೊಂಬತ್ತಾಯಿತು. ಆಮೇಲೆ ಟೀಚರಮ್ಮ ಬಡಿತದ ಬದಲಿಗೆ ಅಂಗೈ ಎತ್ತಿ ತೋರಿಸುವುದನ್ನು ಕಲಿಸಿದಳು. ಅಂಗೈ ಎತ್ತಿದರೆ ಕೂಡಲೇ ಉತ್ತರ, ಎದುರಿನವರೂ ಅಂಗೈ ಎತ್ತುತ್ತಾರೆ. ಬಡಿದರೆ, ಅವನ ಕೈ ಹಿಡಿದು ಮೆಲ್ಲಗೆ ಅಂಗೈ ಎತ್ತಿಸಿ, ಆಮೇಲೆ ಉತ್ತರ.

ಆ ನಾಲ್ಕನೆಯ ಮಾತನ್ನೂ ಹೇಳಿಸಲು ನೋಡಿದಳು. ಅಕ್ಕನ ಫೋಟೋ ಹಿಡಿದಳು, ತಾನೇ ನೂರು ಸಲ ಹೇಳಿ ತೋರಿಸಿದಳು. ಪುಟ್ಟು ಅವಳ ಬಾಯನ್ನೇ ನೋಡುತ್ತ ಕೂತಿದ್ದು "ಸಾಕು" ಎಂದ. ಮಾತು ಬರಲಿಲ್ಲ. ಹೋದದ್ದೆಲ್ಲ ಕರೆದಾಗ ಬರುವ ಹಾಗಿದ್ದರೆ ಲೋಕದಲ್ಲಿ ಯಾರೂ ಯಾವುದಕ್ಕೂ ಹೆದರಬೇಕಿರಲಿಲ್ಲ.

ಆರು ವಾರ ಮುಗಿದಾಗ ಬಡಿತ ದಿನಕ್ಕೆ ಅರವತ್ತರಲ್ಲಿ ನಿಂತಿತ್ತು. ಸೂಪರ್‌ವೈಸರ್ ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, "ಇನ್ನು ಮೂರು ತಿಂಗಳು ನೋಡೋಣ" ಎಂದ. ಹೋಗುತ್ತ ಹೋಗುತ್ತ ಪುಟ್ಟುವಿಗೆ ಅಂಗೈ ತೋರಿಸಿದ.

"ಇನ್ನು ಮನೆ ಅಕ್ಕ" ಎಂದಳು ಟೀಚರಮ್ಮ. "ಇಲ್ಲಿ ಅಂಗೈ, ಅಲ್ಲಿ ಗೋಡೆ ಅಂದ್ರೆ ಇಲ್ಲಿ ಕಲಿತದ್ದೂ ನಿಲ್ಲಲ್ಲ. ಇನ್ಮೇಲೆ ಗೋಡೆ ಬಡಿದ್ರೆ ಕತ್ತರಿ ಬಡೀಬೇಡಿ. ಅಂಗೈ ತೋರಿಸಿದ್ರೆ ಮಾತ್ರ ಉತ್ತರ."

"ಗೋಡೆ ಆಚೆಯಿಂದ ಅಂಗೈ ತೋರಿಸಿದ್ರೆ ನಂಗೆ ಹೇಗಮ್ಮಾ ಕಾಣುತ್ತೆ?"

"ಕಾಣಲ್ಲ" ಎಂದಳು ಟೀಚರಮ್ಮ. ಅಷ್ಟು ಹೇಳಿ ಕಾದಳು.

ಅಕ್ಕ ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಮುಂದೆ ಮಂಡಿಯೂರಿದಳು. ಚಿಲಕ ಹಾಕದೆ ಯಾವ ಕಾಲವಾಗಿತ್ತೋ. ಹಾಕುವ ಅಗತ್ಯವೇ ಇರಲಿಲ್ಲ, ಕರೆಗಂಟೆಯೊಂದೇ ಸಾಕಿತ್ತು. ಬಣ್ಣದ ಮೇಲೆ ಬಣ್ಣ ಕೂತು ಸ್ಕ್ರೂಗಳ ತಲೆ ಮುಚ್ಚಿಹೋಗಿತ್ತು. ಒಂದೊಂದಕ್ಕೂ ಹರಸಾಹಸ. ಪುಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಳಚಿದ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದ. ಆರು ಬಂದವು. ಇನ್ನೂ ಆರಕ್ಕಾಗಿ ಅವನು ಕೈ ಚಾಚಿಕೊಂಡೇ ಇದ್ದ.

ಚಿಲಕ ಹೋದರೆ ಬಾಗಿಲು ತೆರೆಯುತ್ತದೆ, ಮನುಷ್ಯ ಹೊರಗೆ ಬರುವುದಿಲ್ಲ. ಕರೆಗಂಟೆ ಬಾರಿಸಿದರೆ ಅವನು ಈಗಲೂ ಒಳಗೆ ಹೋಗುತ್ತಿದ್ದ. ಬಾಗಿಲನ್ನು ಅಕ್ಕ ತೆರೆದಿಟ್ಟರೆ ಹೊಸ್ತಿಲವರೆಗೆ ಬಂದು, ಕಾಣದ ಗಾಜಿಗೆ ಮುಖ ಒತ್ತಿದವನಂತೆ ನಿಂತುಬಿಡುತ್ತಿದ್ದ. ಗೋಡೆ ಬಡಿಯುತ್ತಿದ್ದ. ಅಕ್ಕ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದಳು. ಒಂದೊಂದು ಬಡಿತವೂ ಈಗ ಅವಳಿಗೆ ಆ ಮಾತಾಗಿಯೇ ಕೇಳುತ್ತಿತ್ತು. ತಡೆಯಲಾಗದೆ ಎದ್ದು, ಅವನಿಗೆ ಕಾಣುವ ಹಾಗೆ ನಿಂತು, ಅಂಗೈ ಎತ್ತಿ ತೋರಿಸುತ್ತಿದ್ದಳು.

ಕೊನೆಗೆ ಅಂಗಡಿಗೆ ಹೋಗಿ ಒಂದು ಪೊಟ್ಟಣ ಬಿಸ್ಕತ್ತು ತಂದಳು. ಹೊಸ್ತಿಲಿನ ಮೇಲೆ ಕಾಲಿಟ್ಟರೆ ಒಂದು ಚೂರು. ಹೊಸ್ತಿಲು ದಾಟಿದರೆ ಒಂದು ಚೂರು. ಆಮೇಲೆ ಹೊಲಿಗೆ ಮಿಷಿನ್ನಿನವರೆಗೆ. ಒಳಗೆ ಹಾಕಲು ನಾಲ್ಕು ದಿನ ಸಾಕಾಗಿತ್ತು. ಹೊರಗೆ ತರಲು ಐದು ವಾರ ಹಿಡಿಯಿತು, ಅದೂ ಗಿರಾಕಿಗಳಿಲ್ಲದಾಗ ಅಕ್ಕನೇ ಕರೆಗಂಟೆ ಬಾರಿಸಿದರೆ ಮಾತ್ರ.

ಆಮೇಲೊಂದು ಶನಿವಾರ ಮಧ್ಯಾಹ್ನ ಕನ್ನಡಕದ ಅಂಗಡಿಯವರು ಬಂದರು. ಹನ್ನೆರಡು ವರ್ಷದಿಂದ ಬರುತ್ತಿದ್ದ ಗಿರಾಕಿ, ಯಾವ ಪ್ಯಾಂಟು ಕೊಂಡರೂ ನಾಲ್ಕು ಬೆರಳು ಉದ್ದವೇ. ಕರೆಗಂಟೆ ಕೇಳಿ ಪುಟ್ಟು ಒಳಗೆ ಹೋಗಿದ್ದ. ಅಕ್ಕ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಅವರ ಕಾಲ ಬಳಿ ಕೂತು ಅಂಚು ಮಡಿಸುತ್ತಿದ್ದಳು. ಗೋಡೆ ಈಗ ಬಡಿದೀತೆಂದು ಕಾದಳು. ಬಡಿಯಲಿಲ್ಲ. ಏನಾಯಿತೋ ಎಂದು ತಲೆ ಎತ್ತಿದರೆ, ಪುಟ್ಟು ಮಿಷಿನ್ನಿನ ಪಕ್ಕದಲ್ಲಿ ನಿಂತಿದ್ದ. ಶೂ ಹಾಕಿಕೊಂಡಿದ್ದ. ಅಂಗೈ ಎತ್ತಿ ಹಿಡಿದಿದ್ದ.

ಕನ್ನಡಕದವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. "ಯಾರಿವರು?"

ಅಕ್ಕ ತುಟಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. "ನನ್ನ ತಮ್ಮ."

"ತಮ್ಮನಾ? ಇಷ್ಟು ವರ್ಷದಿಂದ ಬರ್ತಿದೀನಿ, ಒಂದು ಸಲನೂ ನೋಡಿಲ್ವಲ್ಲ! ಎಲ್ಲಿದ್ರು? ಬೇರೆ ಊರಲ್ಲಾ?"

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಅವರು ತಲೆಯಾಡಿಸುತ್ತಿದ್ದರು, ಅಳತೆ ಮುಂದುವರಿಯುತ್ತಿತ್ತು. ಪುಟ್ಟುವಿನ ಅಂಗೈ ಇನ್ನೂ ಮೇಲೆಯೇ ಇತ್ತು. ಗೆಣ್ಣಿನ ಗಾಯಗಳು ಮಾಗಿ ಬಿಳಿಚಿದ್ದವು.

"ಇಲ್ಲೇ ಇದ್ದ" ಎಂದಳು ಅಕ್ಕ. "ಆ ಬಾಗಿಲ ಹಿಂದೆ. ನೀವು ಬಂದಾಗಲೆಲ್ಲ ಟಕ್ ಟಕ್ ಅಂತಿತ್ತಲ್ಲ, ಪಕ್ಕದ ಮನೆ ರಿಪೇರಿ ಅಂತ ನಾನು ಹೇಳ್ತಿದ್ದೆನಲ್ಲ. ಅದು ಇವನೇ. ನನ್ನನ್ನ ಕರೀತಿದ್ದ."

ಹೇಳಿ ಎದ್ದು ನಿಂತು, ತಮ್ಮನ ಕಡೆ ತಿರುಗಿ, ತನ್ನ ಅಂಗೈ ಎತ್ತಿದಳು.